ವೇಟಿಂಗ್ ಲಿಸ್ಟ್

ಶುಕ್ರವಾರ ರಾತ್ರಿ ಒಂಬತ್ತು. ಡಿಪೋದಲ್ಲಿ
ಅಪರೂಪಕ್ಕೆ ಎರಡು ದಿನ ರಜೆ ಸಿಕ್ಕಿದೆ.
"ಮದ್ರಾಸಿಗೆ ಹೋಗೋಣ್ವೇನೇ?" ಅಂದೆ, ತಮಾಷೆಗೆ.
ಸುಚರಿತ ಆಗಲೇ ಮೊಬೈಲು ತೆಗೆದಿದ್ದಳು.

ಬಂಗಾರಪೇಟೆ, ಬೆಳಗ್ಗೆ ಏಳೂಕಾಲು.
"ವಯಸ್ಸು?"
"ಐವತ್ಮೂರು. ಅಮ್ಮಂದು ಗೊತ್ತಿಲ್ವಾ?"
"ಕಿಟಕಿ ಬೇಕಾ?"

ಇಪ್ಪತ್ತೆರಡು ವರ್ಷ
ಕೋಲಾರ–ಮುಳಬಾಗಿಲು ನಿಂತೇ ಟಿಕೆಟ್ ಹರಿದವಳನ್ನ
ಯಾರೂ ಹೀಗೆ ಕೇಳಿರಲಿಲ್ಲ.
ಬೇಕು ಅನ್ನೋಕೆ ಯಾಕೋ ನಾಚಿಕೆ.

ಬುತ್ತಿ ಬೇಡವಂತೆ. ಸೀರೆ ಒಂದೇ ಸಾಕಂತೆ.
ಸಮುದ್ರಕ್ಕೆ ಚೂಡಿದಾರವೇ ಸರಿಯಂತೆ,
ತನ್ನದೇ ಹಳೆಯದೊಂದು ಹುಡುಕಿ
ಸೊಂಟದ ಹೊಲಿಗೆ ಬಿಚ್ಚುತ್ತಾ ಕೂತಿದ್ದಾಳೆ,
ಹಲ್ಲಲ್ಲಿ ದಾರ.

ಟಿಕೆಟ್ ಬಂತು: ವೇಟಿಂಗ್, ಹನ್ನೊಂದು, ಹನ್ನೆರಡು.
ಅವಳ ಮುಖ ಸಪ್ಪಗಾಯಿತು.

ಎಷ್ಟು ಜನಕ್ಕೆ ಹೇಳಿಲ್ಲ ನಾನು,
ಬಾಗಿಲಲ್ಲಿ ಒಂದೇ ಕಾಲು ಊರಿದವರಿಗೂ:
ಹತ್ತಿ, ಹತ್ತಿ,
ಒಳಗೆ ಜಾಗ ಇದೆ.