ತಪ್ಪಚ್ಚಿನ ಸೈನ್ಯ

ಒಂದು ಸೀಸದ ಸಿಪಾಯಿಗೆ
ತರಿಸುವ ಖರ್ಚು ಸೇರಿ ಮುನ್ನೂರೈವತ್ತಂತೆ.
ಒಂದು ಪಟಾಲಮ್ಮಿಗೆ ನನ್ನ ತಿಂಗಳ ಸಂಬಳ.
ಅದಕ್ಕೇ ಸುಲ್ತಾನ್‌ಪೇಟೆಯ ನಮ್ಮ ಪ್ರೆಸ್ಸಿನಲ್ಲಿ
ಮುಹೂರ್ತ ತಪ್ಪಾಗಿ ಅಚ್ಚಾದ ಲಗ್ನಪತ್ರಿಕೆಗಳನ್ನು
ಯಾರೂ ರದ್ದಿಗೆ ಹಾಕುವಂತಿಲ್ಲ ಈಗ.

ಎರಡು ಬೆರಳೆತ್ತರ ಕತ್ತರಿಸಿ,
ಟೈಲರ್ ಮುದಸ್ಸಿರನ ಬೆಸವಾದ ಗುಂಡಿಗಳ ಮೇಲೆ
ಮೈದಾ ಅಂಟಿನಲ್ಲಿ ನಿಲ್ಲಿಸಿದರೆ ಆಳು.
ಅವನ ಕೆಂಪು ಕೋಟಿನವರಿಗೆ ನನ್ನ ತಂಗಿಯ ನೇಲ್ ಪಾಲಿಶ್,
ಅವಳಿಗಿನ್ನೂ ಗೊತ್ತಿಲ್ಲ.
ನನ್ನವರ ಹುಲಿಪಟ್ಟೆಗೆ ಪ್ರೆಸ್ಸಿನ ನೇರಳೆ ಮಸಿ,
ಎದೆಗೆ ಮಾತ್ರ. ಬೆನ್ನಿಗೆ ಸಾಲಲಿಲ್ಲ.
ಖಾಲಿ ರೀಫಿಲ್ಲಿನ ತುಂಡು ಫಿರಂಗಿ.
ದಾಳಕ್ಕೆ ಅಜ್ಜಿಯ ಚೌಕಾಬಾರದ ಕವಡೆ.
"ಆನೆ?" ಅಂದ.
"ಮುಂದಿನ ತಿಂಗಳು" ಅಂದೆ.

ಭಾನುವಾರ, ಇಸ್ತ್ರಿ ಮೇಜಿನ ಮೇಲೆ
ಸಾವಿರದ ಏಳುನೂರ ತೊಂಬತ್ತೊಂದರ ಮಾರ್ಚ್.
ಶರ್ಟಿನ ಡಬ್ಬಿಗಳ ಕೋಟೆ ನನ್ನದು.
ನಿಜದ್ದರ ಉಳಿದ ತುಣುಕು
ಮಾರ್ಕೆಟ್ಟಿನ ಬಸ್ಸುಗಳ ಹೊಗೆಯಲ್ಲಿದೆ;
ಅಳೆಯೋಣವೆಂದು ಅವನ ಟೇಪು ಒಯ್ದು
ಕಾವಲುಗಾರನಿಂದ ಬೈಸಿಕೊಂಡು ಬಂದಿದ್ದೆವು.

ಒಂದು ಗೇಣು ನಡಿಗೆ, ಎರಡು ಗೇಣು ಗುಂಡು,
ಇಷ್ಟೇ ನಿಯಮ. ಉಳಿದದ್ದು ಜಗಳ.

ರಾತ್ರಿ ಹತ್ತಕ್ಕೆ ನಾಲ್ಕೂ ಕವಡೆ ಬೋರಲು ಬಿದ್ದು
ಅವನಿಗೆ ಎಂಟು. ಗೋಡೆ ಒಡೆಯಿತು.
ಬಿರುಕಿನಲ್ಲಿ ನಿಂತ ನನ್ನ ಹನ್ನೊಂದು ಜನ
ಫ್ಯಾನಿನ ಗಾಳಿಗೋ ಅವನ ಕೇಕೆಗೋ
ಮುಖ ಕೆಳಗಾಗಿ ಬಿದ್ದರು.
ಬೆನ್ನ ತುಂಬ ಚಿನ್ನದಕ್ಷರ:
ಒಬ್ಬನದು 'ಚಿ. ಸೌ.', ಇನ್ನೊಬ್ಬನದು ಊಟದ ಹೊತ್ತು,
ಬಾಗಿಲಿಗೆ ಅಡ್ಡ ಬಿದ್ದವನದು,
ಒಳನುಗ್ಗುವವರು ಓದುವ ಹಾಗೆ,
'ತಮ್ಮ ಸುಖಾಗಮನ ಬಯಸುವ'