ಕಪ್ಪಂಚಿನ ಹಣ್ಣು

ಮೊದಲು ವಾಸನೆ ಬರುತ್ತದೆ.
ರೇಷ್ಮೆಗೂಡು ಬೆಂದ ನೀರಿನ ವಾಸನೆ,
ಶಿಡ್ಲಘಟ್ಟದಲ್ಲಿ ಮೂಗಿಗೆ ಬಟ್ಟೆ ಕಟ್ಟಿದರೂ ಬಿಡದೆ
ಲಂಗದ ಮಡಿಕೆಯಲ್ಲಿ ಕೂತು ಶಾಲೆಗೂ ಬರುತ್ತಿದ್ದದ್ದು.
ಇಲ್ಲಿ ಶೆಫೀಲ್ಡಿನಲ್ಲಿ, ಜನವರಿಯ ಬೆಳಗಿನ ಆರೂವರೆಗೆ,
ಡಬಲ್ ಡೆಕ್ಕರ್ ಬಸ್ಸಿನೊಳಗೆ
ಯಾರು ಗೂಡು ಬೇಯಿಸುತ್ತಾರೆ?

ಕೊನೆಯ ಸ್ಟಾಪು. ಬಸ್ಸು ನಿಂತಿತ್ತು. ಹ್ಯಾಂಡ್ ಬ್ರೇಕ್ ಹಾಕಿತ್ತು.
ಇಷ್ಟನ್ನು ಇನ್ನೂ ಎಲ್ಲರಿಗೂ ಹೇಳುತ್ತಿರುತ್ತೇನೆ,
ಯಾರೂ ಕೇಳದಿದ್ದರೂ.
ಮಿಕ್ಕದ್ದು ಆಲರೆನ್‌ಶಾ ಅಜ್ಜ ಹೇಳಿದ್ದು:
ತುಟಿ ಚಪ್ಪರಿಸಿದೆನಂತೆ, ಟಿಕೆಟ್ ಯಂತ್ರವನ್ನು ಸವರಿದೆನಂತೆ,
ಆಮೇಲೆ ಸೆಟೆದೆ, ಆಮೇಲೆ ಅದುರಿದೆ,
ಅವನ ಮಫ್ಲರು ನನ್ನ ತಲೆಯ ಕೆಳಗೆ.
ಎರಡು ನಿಮಿಷ ಎಂದ.
ನನ್ನ ಲೆಕ್ಕದಲ್ಲಿ ಆ ಎರಡು ನಿಮಿಷ ಇಲ್ಲವೇ ಇಲ್ಲ:
ಆರೂವರೆಯಾಗಿತ್ತು, ಆಮೇಲೆ ಆಂಬುಲೆನ್ಸ್ ಆಗಿತ್ತು.

ಡಾಕ್ಟರು ಪರದೆಯ ಮೇಲೆ ನನ್ನ ತಲೆಯನ್ನು
ಹೋಳು ಹೋಳಾಗಿ ತಿರುವಿದರು.
ಎಡಗಿವಿಯ ಒಳಮಗ್ಗುಲಲ್ಲಿ, ಹೆಬ್ಬೆರಳ ಉಗುರಿನಷ್ಟು.
"ಹಿಪ್ಪುನೇರಳೆ ಹಣ್ಣಿನ ಹಾಗೆ" ಎಂದರು.
ತಿಂದಿದ್ದೀರಾ ಎಂದೆ. ಇಲ್ಲ, ಪುಸ್ತಕದಲ್ಲಿ ಓದಿದ್ದು.
ನನಗೆ ನಗು. ಆ ಕೋಣೆಯಲ್ಲಿ
ನಾಲಿಗೆ ನೀಲಿಗಟ್ಟಿಸಿಕೊಂಡು ಬಂದು
ಅಮ್ಮನ ಕೈಲಿ ಒದೆ ತಿಂದವಳು ನಾನೊಬ್ಬಳೇ.

ಸೊಪ್ಪು ಹುಳುವಿಗೆ, ಹಣ್ಣು ನಮಗೆ, ಅಂದುಕೊಂಡಿದ್ದೆವು.

ಹುಟ್ಟುವಾಗಲೇ ಇದ್ದಿರಬಹುದಂತೆ, ಆಮೇಲೆ ಬೆಳೆದಿರಲೂಬಹುದಂತೆ.
ನೆತ್ತರಿನ ಪುಟ್ಟ ಗುಳ್ಳೆಗಳು, ಒಂದಕ್ಕೊಂದು ಒತ್ತಿಕೊಂಡು,
ಗೋಡೆಯೆಂದರೆ ಈರುಳ್ಳಿಯ ಒಳಪೊರೆ.
ರಭಸವಿಲ್ಲ. ಜಿನುಗುತ್ತದೆ, ಅಷ್ಟೆ,
ಯಾವಾಗಲೋ ಒಂದು ಹನಿ, ಯಾರಿಗೂ ತಿಳಿಯದೆ.
ನೀರು ಆರುತ್ತದೆ, ಕೆಂಪು ಮಾಸುತ್ತದೆ,
ನೆತ್ತರೊಳಗಿನ ಕಬ್ಬಿಣ ಮಾತ್ರ ಎಲ್ಲಿಗೂ ಹೋಗುವುದಿಲ್ಲ;
ಸುತ್ತಲ ಮಿದುಳಿಗೆ ತುಕ್ಕು ಬಳಿಯುತ್ತದೆ.
ಚಿತ್ರದಲ್ಲಿ ಹಣ್ಣಿನ ಸುತ್ತ ಇದ್ದ ಆ ಕಪ್ಪಂಚು, ಅದೇ.
ತುಕ್ಕು ತಾಗಿದ ಜೀವಕೋಶಕ್ಕೆ ನೆಮ್ಮದಿಯೆಲ್ಲಿ?
ಗೂಡಿನ ಮಾರುಕಟ್ಟೆಯ ಹರಾಜಿನಂತೆ
ಒಂದು ಕೂಗಿತು, ಪಕ್ಕದ್ದು ಕೂಗಿತು,
ಏನು ಮಾಲು, ಏನು ಬೆಲೆ ಕೇಳುವ ಮೊದಲೇ
ಇಡೀ ಅಂಗಳ ಕೂಗಿತು.

ತಂಗಿ ವೆಂಕಟರತ್ನ ಫೋನಿನಲ್ಲಿ ಕೇಳಿದ್ದು ಒಂದೇ:
"ಕೈಗೆ ಬೀಗದ ಕೈ ಕೊಟ್ಟರಾ ಅಕ್ಕ, ಕಬ್ಬಿಣ?"
ಮೂರ್ಛೆ ಬಂದವರಿಗೆಲ್ಲ ನಮ್ಮ ಬೀದಿಯಲ್ಲಿ ಅದೇ ಮದ್ದು.
ಕಬ್ಬಿಣದಿಂದಲೇ ಬಂದದ್ದು ಕಣೇ ಅನ್ನಲು ಹೋದೆ,
ಅವಳು ಆಗಲೇ ಅಳುತ್ತಿದ್ದಳು.

ಲೈಸೆನ್ಸನ್ನು ಅಂಚೆಯಲ್ಲಿ ಹಿಂದಕ್ಕೆ ಕಳಿಸಿದೆ.
ಬಸ್ಸು ಮತ್ತೆ ಓಡಿಸಬೇಕಾದರೆ ಹತ್ತು ವರ್ಷ
ಫಿಟ್ಸೂ ಇರಕೂಡದು, ಗುಳಿಗೆಯೂ ಇರಕೂಡದು.
ನನಗೀಗ ಐವತ್ತಾರು. ನೀವೇ ಕೂಡಿಸಿ.
ಡಿಪೋದ ಗ್ಲೆನಿಸ್ ಕೂಡಿಸಲು ಹೋಗಿ
ಅರ್ಧಕ್ಕೆ ನಿಲ್ಲಿಸಿ, ಚಹಾ ಸುರಿದಳು.

ಈಗ ಅದೇ ಬಸ್ಸು, ಡ್ರೈವರಿನ ಹಿಂದಿನ ಸೀಟು.
ಒದ್ದೆ ಕೋಟಿನವರು ಪಕ್ಕ ಕೂತರೆ ಮೂಗು ಬೆದರುತ್ತದೆ:
ಉಣ್ಣೆಯೋ, ಅದೋ?
ಉಣ್ಣೆ.
ಕ್ರುಕ್ಸಿನ ಇಳಿಜಾರಿನಲ್ಲಿ ಹೊಸ ಹುಡುಗ
ಬ್ರೇಕು ತುಸು ತಡ ಮಾಡುತ್ತಾನೆ.
ನನ್ನ ಬಲಗಾಲು, ನನ್ನನ್ನು ಕೇಳದೆ,
ಬರೀ ನೆಲವನ್ನು ಒತ್ತುತ್ತದೆ.