ಹೊಳಿ ದಾಟದ ಖಾನಾವಳಿ

ಹಸರು ಬೋರ್ಡಿನ ಮ್ಯಾಲ ಹಳದಿ ಅಕ್ಷರ:
ಸಾತವ್ವನ ಖಾನಾವಳಿ.
ಕೆಳಗ ಸಣ್ಣದಾಗಿ ಐದು ಊರು,
ಗೋಕಾಕ, ಮೂಡಲಗಿ, ಮಹಾಲಿಂಗಪುರ,
ಬನಹಟ್ಟಿ, ಜಮಖಂಡಿ.
ಅಲ್ಲಿಗೆ ಬಣ್ಣ ಮುಗದೈತಿ.
ಜಮಖಂಡಿ ಮುಂದ ಕೃಷ್ಣಾ ಹೊಳಿ,
ಹೊಳಿ ಆಚೆ ನಾನು.

ಇಂಡಿಗೆ ವರ್ಗ ಆಗಿ ಹದಿನಾಲ್ಕು ತಿಂಗಳು.
ಕೆಲಸ ಹಗರ ಅದ, ಕರೆಂಟ್ ಮೀಟರ್ ನೋಡೂದು,
ಬಿಲ್ ಹರದು ಕೊಡೂದು.
ಅದ ಅಂದೆ ನೋಡ್ರಿ! ನಮ್ಮ ಕಡೆ ಐತಿ ಅಂತೀವಿ.
ನಾಲಗಿ ಆಗಲೇ ಅರ್ಧ ಈ ಊರಿಂದಾಗೈತಿ,
ಹೊಟ್ಟಿ ಇನ್ನೂ ಚಾರ್ಜ್ ತಗೊಂಡಿಲ್ಲ.

ಮಧ್ಯಾಹ್ನ ಹನ್ನೆರಡೂವರಿಗೆ
ಯಾರ ಮನಿ ಮೀಟರ್ ಎಲ್ಲೈತಿ ಅನ್ನೂದಕ್ಕಿಂತ
ಯಾರ ಮನ್ಯಾಗ ಏನ ಬೇಯಾಕತ್ತೈತಿ ಅನ್ನೂದು
ನನಗ ಚಲೋ ಗೊತ್ತು.
ಮೂರನೇ ಓಣ್ಯಾಗ ಪುಂಡಿಪಲ್ಯ,
ಪೋಸ್ಟ್ ಆಫೀಸ್ ಹಿಂದ ಮಡಿಕಿಕಾಳು,
ಮುಲ್ಲಾ ಅವರ ಮನಿ ಒಗ್ಗರಣಿ
ಓಣಿಗೆ ಬಂದು ಕೈ ಹಿಡದು ಜಗ್ಗತೈತಿ.
ಎಲ್ಲಾ ಚಲೋ ವಾಸನಿ.
ಯಾವುದೂ ನಂದಲ್ಲ.
ಅಂಕಿ ಬರಕೊಂತೇನಿ. ಮುಂದಿನ ಮನಿ.

ಮೆಸ್ಸಿನಾಗ ಸಜ್ಜಿ ರೊಟ್ಟಿ, ಎಳ್ಳು ಹಚ್ಚಿದ್ದು,
ಮುರದರ ಪಕ್ಕದ ಟೇಬಲ್‌ನವರು ತಿರುಗಿ ನೋಡತಾರ, ಅಷ್ಟು ಕಡಕ್.
ಹೆಸರಿಡೂ ಹಂಗಿಲ್ಲ. ಆದರ
ಸಾತವ್ವನಲ್ಲಿ ಸಪ್ಪಳೆಲ್ಲಾ ಒಳಗ, ಬಡಿಯೂ ಕಲ್ಲಿನ ಮ್ಯಾಲ,
ತಾಟಿಗೆ ಬೀಳೂ ಮುಂದ ರೊಟ್ಟಿ ಸುಮ್ಮನಿರತಿತ್ತು,
ಮುಟ್ಟಿದರ ಒಳಗಿನ ಉಗಿ ಬೆರಳ ಸುಡತಿತ್ತು.
ಎಣಗಾಯಿ ತೊಟ್ಟು ಹಿಡದು ಎತ್ತಿದರ
ಕೈಯಾಗ ತೊಟ್ಟಷ್ಟ ಉಳೀತಿತ್ತು.
ಕೆನಿ ಮೊಸರಿನ ಮ್ಯಾಲ ಗುರೆಳ್ಳ ಹಿಂಡಿ,
ತಾಟಿನ ಮೂಲ್ಯಾಗ ಅರ್ಧ ನಿಂಬಿಹಣ್ಣು.
ಐದೂ ಊರಾಗ ಅದೇ ತಾಟು, ಅದೇ ಖಾರ.
ಬನಹಟ್ಯಾಗಷ್ಟ ಉಪ್ಪು ಒಂದು ಚೂರು ಮುಂದ.

ಹೋದ ವಾರ ತಡೀಲಾರದ ಗೋಕಾಕಿಗೆ ಫೋನ್ ಹಚ್ಚಿದೆ.
ಹಳೇ ಬಿಲ್ಲಿನ ಮ್ಯಾಲ ನಂಬರ್ ಇತ್ತು,
ಎಣ್ಣಿ ಹತ್ತಿ ಒಂಬತ್ತು ಸೊನ್ನಿಯಂಗ ಕಾಣತಿತ್ತು.
"ಇಂಡ್ಯಾಗೊಂದು ಶಾಖೆ ತಗೀರಿ ಯವ್ವಾ,
ದಿನಾ ಇಪ್ಪತ್ತು ಊಟ ನಾನ ಹಿಡಕೊಡತೇನಿ."
ಆಕಡೆ ಹಂಚಿನ ಸಪ್ಪಳ. ಆಮ್ಯಾಲ ಮುದುಕಿ ನಗಿ.

"ಶಾಖೆ ಎಲ್ಲಿ ತಗದೇವಪಾ ನಾವು?
ಹೆಣ್ಣ ಕೊಟ್ಟೇವಿ.
ಬಾಳವ್ವನ್ನ ಮೂಡಲಗಿಗೆ, ಕಸ್ತೂರಿನ್ನ ಮಹಾಲಿಂಗಪುರಕ್ಕ,
ರುದ್ರವ್ವನ್ನ ಬನಹಟ್ಟಿಗೆ, ಅಕಿ ಕೈ ಮೊದಲಿಂದ ಉಪ್ಪಿಗೆ ಭಾರ,
ಸಣ್ಣಾಕಿನ್ನ ಜಮಖಂಡಿಗೆ.
ಹೋದಲ್ಲೆ ಹೊಟ್ಟಿಪಾಡಿಗೆ ಒಲಿ ಹಚ್ಚಿದರು.
ಬೋರ್ಡ್ ಅಳಿಯಂದ್ರು ಬರಸಿದ್ದು.
ಇನ್ನ ಕೊಡಾಕ ಯಾರೂ ಉಳದಿಲ್ಲ.
ಮೊಮ್ಮಗಳ ಅದಾಳ, ಬಿ.ಎಡ್. ಮಾಡತಾಳ,
ರೊಟ್ಟಿ ಬಡಿಯೂದಿಲ್ಲ ಅಂತ
ಬಾಂಡ್ ಪೇಪರ್ ಮ್ಯಾಲ ಬರಕೊಡತಾಳಂತ.
ನಿಮ್ಮ ಇಂಡಿಗೆ ಮಾಸ್ತರಕಿ ಬೇಕಾದರ ಹೇಳು."

ಫೋನ್ ಇಟ್ಟ ಮ್ಯಾಲ ಆ ಊರುಗಳೆಲ್ಲಾ ಬ್ಯಾರೆ ಕಂಡವು.
ನಾನು ಎರಡೆರಡು ಸಲ ಮೊಸರ ಹಾಕಿಸಿಕೊಂಡ ಕಡೆ
ಗೋಡಿ ಆಚೆ ಒಬ್ಬಾಕಿ
ತವರ ನೆನಸಿ ಹಿಟ್ಟ ನಾದತಿದ್ದಳು,
ಅದೇ ರುಚಿ ಬರೂತನಕ.

ಇವತ್ತ ಹತ್ತಳ್ಳಿ ಅವರ ನಿಂಬಿ ಗೋದಾಮಿನ ಮೀಟರ್.
ಚೀಲ ಲಾರಿಗೆ ಏರಾಕತ್ತಿದ್ದವು.
ಎಲ್ಲಿಗ್ರಿ ಅಂದೆ.
"ಜಮಖಂಡಿ ಹಿಡದು ಗೋಕಾಕ ತನಕ.
ಖಾನಾವಳಿಯವರು ಭಾಳ ತಗೋತಾರ."
ಬ್ಯಾಡ ಅಂದರೂ ಒಂದು ಹಿಡಿ ನನ್ನ ಬ್ಯಾಗಿನಾಗ ಸುರದರು.
ಬಿಲ್ ಹರದು ಕೊಟ್ಟೆ, ಸಾವಿರದ ಎಂಟುನೂರಾ ನಲವತ್ತು.

ರೂಮಿಗೆ ಬಂದು ಒಂದನ್ನ ಕೊಯ್ದು
ಅರ್ಧ, ತಾಟಿನ ಮೂಲ್ಯಾಗ ಇಟ್ಟೇನಿ.
ಮೂಲಿ ಸರಿಯಾಗೈತಿ.
ಉಳದ ತಾಟು
ಖಾಲಿ ಅದ.